ಹಲ್ಕಾ

ಎಲ್ಲಿ ಯಾರು ನಕ್ಕರೂ ಅದು ತನ್ನನ್ನು ನೋಡಿಯೇ ಎಂದು ಲಕ್ಷ್ಮೀನರಸಿಂಹನಿಗೆ ಅನ್ನಿಸಿಬಿಡುತ್ತಿತ್ತು. ಐವತ್ತು ದಾಟಿದ ಮೇಲೆ ಅಂಟಿಕೊಂಡ ರೋಗ ಇದು. ಶೋರೂಮಿನ ಗಾಜಿನಾಚೆ ಇಬ್ಬರು ಗಿರಾಕಿಗಳು ನಕ್ಕರೆ, ಕುವೈತಿನ ಫರ್ವಾನಿಯಾದ ಮನೆಯ ಲಿಫ್ಟಿನಲ್ಲಿ ಪಕ್ಕದ ಫ್ಲಾಟಿನವರು ನಕ್ಕರೆ, ಅಡುಗೆಮನೆಯಲ್ಲಿ ಹೆಂಡತಿ ಮಗಳು ದನಿ ತಗ್ಗಿಸಿ ನಕ್ಕರೆ, ಎಲ್ಲ ನಗುವೂ ಸುತ್ತಿ ಬಳಸಿ ಬಂದು ಅವನ ಬೆನ್ನಿಗೇ ತಾಗುತ್ತಿತ್ತು. “ನಿಮಗೆ ಮಾತಿಗಿಂತ ಮುಂಚೆ ಅವಮಾನ ಕೇಳಿಸುತ್ತೆ ಕಣ್ರೀ” ಎಂದು ವೇದಾವತಿ ಒಮ್ಮೆ ಹೇಳಿದ್ದಳು. ಪಾಪ, ಅವಳು ಸುಮ್ಮನೆ ಹೇಳಿದ್ದು. ಅದನ್ನೂ ಅವನು ಅವಮಾನವೆಂದೇ ತಗೊಂಡು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ್ದ.

ಈ ಗುರುವಾರ ಬೆಳಿಗ್ಗೆ ಅವನು ಶುವೈಖ್‌ನ ವರ್ಕ್‌ಶಾಪಿನ ಅಂಗಳದಲ್ಲಿ, ಒಂದು ದೊಡ್ಡ ಜೀಪಿಗೂ ಅದರ ಹಿಂದೆ ಕಟ್ಟಿದ, ಗಾಲಿಯ ಮೇಲಿನ ಮನೆಯಂಥ ಬಿಳಿ ಕಾರವಾನಿಗೂ ನಡುವೆ ಮಂಡಿಯೂರಿ ಕೂತಿದ್ದ. ಚಳಿ ಬಿತ್ತೆಂದರೆ ಕುವೈತಿಗಳ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಮರುಭೂಮಿಯಲ್ಲಿ ಡೇರೆ ಹೊಡೆದು, ಪಕ್ಕದಲ್ಲಿ ಕಾರವಾನು ನಿಲ್ಲಿಸಿ, ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳ ತನಕ ಅಲ್ಲೇ ಬಿಡಾರ. ಈ ಕಾರವಾನಿನ ಯಜಮಾನ ಬು ಸಾಲೆಂ, ರಿಟೈರಾದ ದೊಡ್ಡ ಅಧಿಕಾರಿ, ಮೊನ್ನೆ ಮುತ್ಲಾ ಏರಿನಲ್ಲಿ ಸ್ಟೀರಿಂಗು ಕೈಯಲ್ಲಿ ತೇಲಿದ ಹಾಗಾಯಿತು, ಹಿಂದೆ ಕಾರವಾನು ಬಾಲ ಅಲ್ಲಾಡಿಸಿತು ಎಂದು ದೂರು ಹೊತ್ತು ಬಂದಿದ್ದ. ಲಕ್ಷ್ಮೀನರಸಿಂಹನಿಗೆ ನೋಡಿದ ಕೂಡಲೇ ಕಾರಣ ತಿಳಿಯಿತು. ಕಾರವಾನಿನ ಮೂತಿ ಬಂದು ಕೂತರೆ ಜೀಪಿನ ಹಿಂಭಾಗ ಕುಸಿಯುತ್ತದೆ, ಮುಂಭಾಗ ಮೇಲೇಳುತ್ತದೆ, ಮುಂದಿನ ಚಕ್ರ ನೆಲ ಕಚ್ಚದೆ ಹಗುರಾಗುತ್ತದೆ. ಅದಕ್ಕೆಂದೇ ಎರಡರ ನಡುವೆ ಕೂರಿಸುವ ಈ ಹಿಚ್ಚು. ಎರಡು ಕಬ್ಬಿಣದ ಸ್ಪ್ರಿಂಗ್ ಬಾರು, ಒಂದೊಂದರ ತುದಿಗೂ ಒಂದು ತುಂಡು ಚೈನು. ಚೈನಿನ ಯಾವ ಕೊಂಡಿಯನ್ನು ಕೊಕ್ಕೆಗೆ ಸಿಕ್ಕಿಸುತ್ತೇವೆ ಅನ್ನುವುದರಲ್ಲೇ ಇರುವುದು ಎಲ್ಲ ಗುಟ್ಟು. ಒಂದು ಕೊಂಡಿ ಬಿಗಿ ಮಾಡಿದರೆ ಬಾರು ಬಾಗಿ, ಹಿಂದೆ ಬಿದ್ದಿದ್ದ ಭಾರ ಮುಂದಕ್ಕೂ ಹಂಚಿಹೋಗುತ್ತದೆ. ಅತಿ ಬಿಗಿ ಮಾಡಿದರೆ ಹಿಂದಿನ ಚಕ್ರ ಹಗುರಾಗಿ ಅದೊಂದು ಬೇರೆ ಪೀಕಲಾಟ. ಅವನು ಕಾರವಾನು ಬಿಚ್ಚಿಸಿ, ಮುಂದಿನ ಚಕ್ರದ ಕಮಾನು ನೆಲದಿಂದ ಎಷ್ಟೆತ್ತರ ಇದೆ ಎಂದು ಟೇಪು ಹಿಡಿದು ನೋಡಿದ್ದ. ಮತ್ತೆ ಕಟ್ಟಿಸಿ ನೋಡಿದ್ದ. ಎರಡು ಬೆರಳು ಮೇಲೆದ್ದಿತ್ತು. ಒಂದು ಕೊಂಡಿಯ ಕೆಲಸ. ಇಂಥ ಕೆಲಸದಲ್ಲಿ ಅವನು ಎಂದೂ ತಪ್ಪಿದವನಲ್ಲ, ಅದನ್ನು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಹೇಳುತ್ತಿದ್ದ ಕಾಲವೂ ಒಂದಿತ್ತು. ಆಗ ಅವನ ಜಾಗ ಮಹಡಿಯ ಮೇಲೆ, ಎ.ಸಿ. ಕೋಣೆಯಲ್ಲಿ. ಸೇಲ್ಸ್ ಎಂಜಿನಿಯರ್. ಇಂಗ್ಲಿಷಿನಲ್ಲಿ ಮಾತು, ಇಂಗ್ಲಿಷಿನಲ್ಲಿ ಪತ್ರ, ಅರಬಿಯಲ್ಲಿ ಸಲಾಂ, ಶುಕ್ರನ್, ಮಾಫಿ ಮುಷ್ಕಿಲ್ ಅಂದರೆ ಮುಗಿಯಿತು. ಅದಕ್ಕಿಂತ ಹೆಚ್ಚು ಕಲಿಯುವುದು ಕೆಳಗಿನವರ ಕೆಲಸ ಎಂದುಕೊಂಡಿದ್ದ. ಆಮೇಲೆ ಎಂಜಿನಿಯರ್ ಅನ್ನಿಸಿಕೊಳ್ಳಬೇಕಾದರೆ ಓದಿದ ಕಾಲೇಜು ಪಟ್ಟಿಯಲ್ಲಿರಬೇಕು ಎಂಬ ನಿಯಮ ಬಂತು. ತುಮಕೂರು ದಾಟಿದ ಮೇಲೆ ಸಿಗುತ್ತಿದ್ದ ಅವನ ಕಾಲೇಜು ಪಟ್ಟಿಯಲ್ಲಿಲ್ಲದ್ದು ಹಾಳಾಗಲಿ, ಅದು ಮುಚ್ಚಿಯೇ ಹೋಗಿತ್ತು, ಅಲ್ಲೀಗ ಕಲ್ಯಾಣಮಂಟಪ. ಇಲ್ಲಿರಲು ಬೇಕಾದ ಪರವಾನಗಿ ಕಾರ್ಡು, ಇಕಾಮಾ, ನವೀಕರಣವಾಗಿ ಬಂದಾಗ ‘ಮುಹಂದಿಸ್’ ಎಂದಿದ್ದ ಕಡೆ ‘ಫನ್ನಿ’ ಎಂದಿತ್ತು. ಅರಬಿಯಲ್ಲಿ ಮುಹಂದಿಸ್ ಅಂದರೆ ಎಂಜಿನಿಯರ್, ಫನ್ನಿ ಅಂದರೆ ಟೆಕ್ನಿಷಿಯನ್. ಮಗಳು ಬೃಂದಾ ಕಾರ್ಡು ಇಸಕೊಂಡು ಅರಬಿ ಓದಿ, “ಅಪ್ಪಾ, ಯು ಆರ್ ಅಫಿಷಿಯಲಿ ಫನ್ನಿ ನೌ!” ಎಂದು ಬಿದ್ದು ಬಿದ್ದು ನಕ್ಕಿದ್ದಳು. ಮಗು, ಶಾಲೆಯಲ್ಲಿ ಕಲಿತದ್ದು ಹೇಳಿತು. ಅವನು ಊಟದ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದ. ಆ ಬೇಸಿಗೆಯಲ್ಲೇ ಮಾಲೀಕ ಬು ಫಹದ್ ಅವನನ್ನು ಕೆಳಗೆ ವರ್ಕ್‌ಶಾಪಿಗೆ ಸೂಪರ್‌ವೈಸರ್ ಮಾಡಿ ಕಳಿಸಿದ. ಕರೆಯುವುದು ಮಾತ್ರ ಇನ್ನೂ “ಯಾ ಮುಹಂದಿಸ್!” ಎಂದೇ. ಅಭ್ಯಾಸಬಲದಿಂದ ಕರೆಯುತ್ತಾನೋ ಕೆಣಕಲು ಕರೆಯುತ್ತಾನೋ ದೇವರಿಗೇ ಗೊತ್ತು. ಲಕ್ಷ್ಮೀನರಸಿಂಹ ಮಾತ್ರ ಕೆಣಕುವುದಕ್ಕೇ ಎಂದು ತೀರ್ಮಾನಿಸಿ ಆಗಿತ್ತು.

ಈ ಬೆಳಿಗ್ಗೆ ಅವನ ತಲೆಯಲ್ಲಿ ಇನ್ನೊಂದು ವಿಷಯವೂ ಕೂತಿತ್ತು. ವರ್ಕ್‌ಶಾಪು ಎಗೈಲಾದ ಹೊಸ ಶೋರೂಮಿನ ಹಿಂಬದಿಗೆ ಹೋಗುವುದಿತ್ತು. ಜಾಗ ಚಿಕ್ಕದು, ಒಬ್ಬನೇ ಫಿಟ್ಟರು ಸಾಕು. ಇರುವ ಇಬ್ಬರಲ್ಲಿ ಯಾರಿರಬೇಕು ಎಂದು ಗುರುವಾರ ಮಧ್ಯಾಹ್ನದೊಳಗೆ ಹೇಳು ಎಂದಿದ್ದ ಬು ಫಹದ್. ಬೇಡವಾದವನ ಇಕಾಮಾ ರದ್ದು, ಊರಿಗೆ ಟಿಕೆಟು. ಒಬ್ಬ ಈಜಿಪ್ಟಿನ ಸಯ್ಯಿದ್, ಬಂದು ಇನ್ನೂ ಒಂದು ಸೀಸನ್ ಆಗಿಲ್ಲ. ಇನ್ನೊಬ್ಬ ಉಪ್ಪಿನಂಗಡಿ ಕಡೆಯ ಇಬ್ರಾಹಿಂ ಖಲೀಲ್. ಅನುಮಾನಕ್ಕೆ ಎಡೆಯೇ ಇರಲಿಲ್ಲ. “ನಿನ್ನ ವಿಷಯ ನಾನು ಹೇಳ್ತೀನಿ ಬಿಡಯ್ಯಾ, ತಲೆ ಕೆಡಿಸ್ಕೋಬೇಡ” ಎಂದು ಅವನಿಗೆ ಮಾತು ಕೊಟ್ಟೂ ಆಗಿತ್ತು. ಇಬ್ರಾಹಿಮನಿಗೆ ಊರಿಗೆ ಹೋಗುವುದೆಂದರೆ ಮನೆಗೆ ಹೋದಂತಲ್ಲ. ಅವನ ಹೆಂಡತಿ ಆಯಿಶತ್ ಶಮೀಮಾ ಇಲ್ಲೇ, ಸಲ್ವಾದ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಂಡಿದ್ದಳು. ಆ ಮನೆಯಲ್ಲೇ ವಾಸ, ಶುಕ್ರವಾರ ಮಧ್ಯಾಹ್ನ ಮಾತ್ರ ಬಿಡುವು. ಗಂಡಹೆಂಡಿರು ಫರ್ವಾನಿಯಾದ ಬಸ್ ಸ್ಟಾಪಿನಲ್ಲಿ ಸೇರಿ, ಪಾರ್ಕಿನಲ್ಲಿ ಕೂತು, ಒಂದು ಪೊಟ್ಟಣ ಬಿರಿಯಾನಿ ಹಂಚಿಕೊಂಡು ತಿಂದು, ಕತ್ತಲಾಗುವ ಮುಂಚೆ ಬೇರೆ ಬೇರೆ ಬಸ್ಸು ಹತ್ತುತ್ತಿದ್ದರು. ಇವನನ್ನು ಕಳಿಸಿದರೆ ಅವಳು ಆ ಮನೆಯ ಗೋಡೆಯೊಳಗೆ ಒಬ್ಬಳೇ. ಒಮ್ಮೆ ತರಕಾರಿ ಚೀಲ ಹಿಡಿದು ಹೋಗುತ್ತಿದ್ದಾಗ ಲಕ್ಷ್ಮೀನರಸಿಂಹ ಅವರನ್ನು ಕಂಡಿದ್ದ. ಇಬ್ರಾಹಿಂ ದಡಬಡಿಸಿ ಎದ್ದು ನಿಂತು, “ನಮ್ಮ ಸಾರ್ ಇವರು” ಎಂದು ಹೆಂಡತಿಗೆ ಹೇಳಿದ್ದ. ಅವಳು ತಲೆಯ ಸೆರಗು ಸರಿಮಾಡಿಕೊಂಡು, “ಇವರು ಯಾವಾಗಲೂ ನಿಮ್ಮದೇ ಹೇಳುದು ಸಾರ್” ಎಂದಿದ್ದಳು. ‘ನಮ್ಮ ಸಾರ್’ ಎಂಬ ಆ ಎರಡು ಪದ ಚೀಲದಲ್ಲಿಟ್ಟುಕೊಂಡಂತೆ ಮನೆತನಕ ಅವನ ಜೊತೆ ಬಂದಿದ್ದವು.

ಆದರೆ ಸೋಮವಾರ ಒಂದು ಕಿರಿಕಿರಿ ನಡೆದಿತ್ತು. ಬೇರೆ ಯಾರದೋ ಕಾರವಾನಿಗೆ ಇಬ್ರಾಹಿಂ ಎಡಗಡೆಯ ಚೈನನ್ನು ಒಂದು ಕೊಂಡಿ ಸಡಿಲ ಬಿಟ್ಟು, ಬಲಗಡೆಯದನ್ನು ಬಿಗಿಯಾಗಿ ಸಿಕ್ಕಿಸಿದ್ದ. ಗಿರಾಕಿ ಎದುರಿಗೇ ಇದ್ದ. ಲಕ್ಷ್ಮೀನರಸಿಂಹನಿಗೆ ನೆತ್ತಿಗೇರಿತು. “ಏನಯ್ಯಾ ಇದು, ಹಲ್ಕಾ! ಥೂ, ಹಲ್ಕಾ!” ಎಂದು ಕೂಗಿದ. ಅಂದ ಮೇಲೆ ಅವನಿಗೇ ಎದೆ ಧಸಕ್ಕೆಂದಿತು, ಅಂಥ ಮಾತು ಯಾರಿಗೂ ಅಂದವನಲ್ಲ. ಇಬ್ರಾಹಿಮನ ಮುಖ ಕೆಂಪಾಗಲಿಲ್ಲ. ಅವನು ನಿಧಾನ ಬಗ್ಗಿ, ಚೈನನ್ನು ಬೆರಳಲ್ಲಿ ಸವರಿ, “ಯಾವುದು ಸಾರ್? ಎಡದ್ದಾ?” ಎಂದ. ಏನು ಸೊಕ್ಕು! ಬೈದರೆ ಬೈಸಿಕೊಂಡವನಂತೆ ಇರಬೇಡವೇ? ಕೇಳಿಸಲೇ ಇಲ್ಲವೆಂಬಂತೆ ಚೈನು ನೋಡುತ್ತ ನಿಲ್ಲುವುದೇ? ಅವತ್ತಿನಿಂದ ಆ ತಣ್ಣಗಿನ ಮುಖ ಅವನ ಕಣ್ಣಿಗೆ ಕಟ್ಟಿಕೊಂಡಿತ್ತು.

“ಸಾರ್, ಎಷ್ಟು ಎಳೆಯುದು?” ಎಂದು ಈಗ ಇಬ್ರಾಹಿಂ ಕೇಳಿದ, ಕೈಯಲ್ಲಿ ಉದ್ದನೆಯ ಲೀವರು ಹಿಡಿದು. “ತಡಿ, ಇನ್ನೊಂದು ಸಲ ಅಳೀತೀನಿ” ಎಂದ ಲಕ್ಷ್ಮೀನರಸಿಂಹ. ಅಳೆಯುವ ಅಗತ್ಯವಿರಲಿಲ್ಲ. ಆದರೆ ಬು ಸಾಲೆಂನ ಮಕ್ಕಳು ಮೊಮ್ಮಕ್ಕಳು ಇನ್ನೆರಡು ಗಾಡಿಗಳಲ್ಲಿ ಕೂತು ನೋಡುತ್ತಿದ್ದರು. ನಾಲ್ಕು ಜನರೆದುರು ಟೇಪು ಹಿಡಿದು ಅಳೆಯುವವನು ಎಂಜಿನಿಯರ್, ಲೀವರು ಹಿಡಿದವನು ಫಿಟ್ಟರು. ಆಗಲೇ ಬು ಫಹದ್ ಮಹಡಿಯಿಂದ ಇಳಿದುಬಂದ, ಹಿಂದೆ ಬು ಸಾಲೆಂ. ಇಬ್ಬರೂ ಜೋರಾಗಿ, ಒಬ್ಬರ ಮೇಲೊಬ್ಬರು ಬಿದ್ದು ಅರಬಿಯಲ್ಲಿ ಮಾತಾಡುತ್ತಿದ್ದರು. ಲಕ್ಷ್ಮೀನರಸಿಂಹ ಕೂತಲ್ಲಿಂದ ಏಳಲಿಲ್ಲ, ಮಂಡಿ ಹಿಡಿದುಕೊಂಡಿತ್ತು. ಬು ಫಹದ್ ಹತ್ತಿರ ಬಂದು, ಜಪಮಣಿ ಸುತ್ತಿಕೊಂಡಿದ್ದ ಕೈ ಚಾಚಿ, ಬೆರಳನ್ನು ನೇರ ಅವನ ಕಡೆಗೆ ತೋರಿಸಿ ಕೂಗಿದ: “ಯಾ ಮುಹಂದಿಸ್! ಹಾದಾ ಹಲ್ಕಾ! ಹಲ್ಕಾ!”

ಹಾದಾ ಅಂದರೆ ‘ಇದು’, ‘ಇವನು’. ಅಷ್ಟು ಅರಬಿ ಅವನಿಗೂ ಬರುತ್ತಿತ್ತು. ಇನ್ನೊಂದು ಮಾತಿಗೆ ಅರಬಿ ಯಾಕೆ ಬೇಕು? ಅವನ ಹುಟ್ಟೂರು ಅರಸೀಕೆರೆಯ ಅಚ್ಚ ಮಾತು. ಇವನು ಹಲ್ಕಾ. ಬು ಸಾಲೆಂ ಏನೋ ಹೇಳಿ ತೊಡೆ ತಟ್ಟಿಕೊಂಡು ನಕ್ಕ. ಗಾಡಿಯಲ್ಲಿದ್ದ ಮಕ್ಕಳು ನಕ್ಕವು. ತಲೆ ತಿರುಗಿಸಿ ನೋಡಿದರೆ ಇಬ್ರಾಹಿಂ ಖಲೀಲ್, ಲೀವರಿಗೆ ಒರಗಿಕೊಂಡು, ಇವನನ್ನೇ ನೋಡುತ್ತ, ಬಾಯಿ ತುಂಬ ನಗುತ್ತಿದ್ದಾನೆ.

ಹೀಗೆ ಬಂತೋ ಈ ಮಾತು! ಅದು ಬಂದ ದಾರಿ ಅವನಿಗೆ ಹಗಲಿನಷ್ಟು ನಿಚ್ಚಳವಾಗಿ ಕಂಡಿತು. ಸೋಮವಾರ ತಾನು ಇವನಿಗೆ ಅಂದೆ. ಇವನು ಏನೂ ಕೇಳಿಸದವನಂತೆ ನುಂಗಿಕೊಂಡ. ಆಮೇಲೆ ಟೀ ಕುಡಿಯುವಾಗಲೋ ಯಾವಾಗಲೋ ಮಾಲೀಕನ ಹತ್ತಿರ ಹಲ್ಲು ಗಿಂಜಿಕೊಂಡು, ನಮ್ಮ ಭಾಷೆಯಲ್ಲಿ ಇಂಥವನಿಗೆ ಹೀಗಂತಾರೆ ಬಾಬಾ ಎಂದು ಹೇಳಿಕೊಟ್ಟ. ಗಿಳಿಗೆ ಪಾಠ ಹೇಳಿಕೊಟ್ಟ ಹಾಗೆ. ಇಷ್ಟು ಜನರೆದುರು, ತನ್ನದೇ ಭಾಷೆಯಲ್ಲಿ, ಅರಬನ ಬಾಯಿಂದ! ಹಿಂದಿಯಲ್ಲಿ ಬೈಯಲಿ, ಇಂಗ್ಲಿಷಿನಲ್ಲಿ ಬೈಯಲಿ, ಅವು ಚರ್ಮದ ಮೇಲೆ ಹರಿದುಹೋಗುತ್ತವೆ. ಈ ಮಾತಿಗೆ ಒಳಗಿನ ಬಾಗಿಲು ಗೊತ್ತು. ಚಿಕ್ಕಂದಿನಲ್ಲಿ ಅತ್ತೆಯ ಮಗಳ ಮದುವೆಯ ಪಂಕ್ತಿಯಲ್ಲಿ, ಬಡಿಸುತ್ತ ಬಂದ ದೊಡ್ಡಪ್ಪ, ಇವನು ಎಲೆಯ ಕೆಳಗೆ ತಂಗಿಗೆಂದು ಮುಚ್ಚಿಟ್ಟುಕೊಂಡಿದ್ದ ಹೋಳಿಗೆಯನ್ನು ಎತ್ತಿ ಎಲ್ಲರಿಗೂ ತೋರಿಸಿ, “ಹಲ್ಕಾ ಬುದ್ಧಿ ಎಲ್ಲಿಗೆ ಹೋಗುತ್ತೆ!” ಎಂದಿದ್ದ. ತಂಗಿಗೆ ಜ್ವರ ಬಂದು ಮನೆಯಲ್ಲಿ ಮಲಗಿದೆ ಎಂದು ಹೇಳಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಇಡೀ ಪಂಕ್ತಿ ನಕ್ಕಿತು. ತುಪ್ಪ ಸುರಿದ ಆ ಹೋಳಿಗೆಯ ವಾಸನೆ ಈಗ ಶುವೈಖ್‌ನ ಗ್ರೀಸಿನ ನಡುವೆ ಘಂ ಎಂದು ಮೂಗಿಗೆ ಬಡಿಯಿತು.

ಅವನು ಎದ್ದ. ಇಬ್ರಾಹಿಮನ ಕೈಯಿಂದ ಲೀವರು ಕಿತ್ತುಕೊಂಡ. “ಸಾರ್, ನಾನು ಮಾಡ್ತೇನೆ, ನೀವು ಯಾಕೆ” ಎಂದು ಬಂದವನನ್ನು ಮೊಣಕೈಯಿಂದ ಸರಿಸಿ, ತಾನೇ ಎಡಗಡೆಯ ಬಾರಿಗೆ ಲೀವರು ಹಾಕಿ, ಮೈಯ ಭಾರವೆಲ್ಲ ಬಿಟ್ಟು ಎತ್ತಿ, ಚೈನನ್ನು ಒಂದು ಕೊಂಡಿ ಬಿಗಿಗೆ ಸಿಕ್ಕಿಸಿದ. ಬಲಗಡೆಯದೂ ಹಾಗೇ. ಮುಂದೆ ಹೋಗಿ ಟೇಪು ಹಿಡಿದರೆ ಚಕ್ರದ ಕಮಾನು ಮೊದಲಿದ್ದ ಎತ್ತರಕ್ಕೆ ಬಂದು ಕೂತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು, ಅಂಗೈ ಸುಲಿದಿತ್ತು. ಬು ಫಹದ್ ಬಗ್ಗಿ ಚೈನು ನೋಡಿ, ಸಂತೋಷದಿಂದ ಅವನ ಬೆನ್ನು ತಟ್ಟಿ, “ಐವಾ! ಹಲ್ಕಾ! ವೆರಿ ಗುಡ್!” ಎಂದ. ನೋಡಿ, ಹೊಡೆದದ್ದು ಸಾಲದು ಎಂದು ಈಗ ತಲೆ ಸವರುವುದು ಬೇರೆ. ಲಕ್ಷ್ಮೀನರಸಿಂಹನ ಕಣ್ಣು ಮಂಜಾಯಿತು. ಥ್ಯಾಂಕ್ಯೂ ಸರ್ ಎಂದ. ಅದು ಅವನ ಬಾಯಿಂದ ತಾನಾಗಿಯೇ ಬರುತ್ತಿತ್ತು.

ಮರುಭೂಮಿಗೆ ಬು ಫಹದ್ ಕೂಡ ಹೊರಟಿದ್ದ. ಹೊರಡುವ ಮುಂಚೆ ಶೋರೂಮಿನ ಬಾಗಿಲಲ್ಲಿ ನಿಂತು, ಕನ್ನಡಕ ಒರೆಸುತ್ತ, ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದ: ಎಗೈಲಾಕ್ಕೆ ಯಾರು? ಲಕ್ಷ್ಮೀನರಸಿಂಹ ಸುಲಿದ ಅಂಗೈಯನ್ನು ಪ್ಯಾಂಟಿಗೆ ಒತ್ತಿಕೊಂಡಿದ್ದ. ಅಂಗಳದಾಚೆ ಇಬ್ರಾಹಿಂ ಬು ಸಾಲೆಂನ ಮೊಮ್ಮಗನನ್ನು ಎತ್ತಿ ಜೀಪಿಗೆ ಹತ್ತಿಸುತ್ತಿದ್ದ, ಮತ್ತೆ ನಗುತ್ತಿದ್ದ. ಎಲ್ಲದಕ್ಕೂ ನಗು ಇವನಿಗೆ!

“ಸಯ್ಯಿದ್” ಎಂದ ಲಕ್ಷ್ಮೀನರಸಿಂಹ.

ಬು ಫಹದ್ ಒರೆಸುವುದು ನಿಲ್ಲಿಸಿ ಹುಬ್ಬೇರಿಸಿದ. “ಲೇಶ್? ಇಬ್ರಾಹಿಂ ಗುಡ್, ನೋ?” ಯಾಕೆ ಎಂದು ಕೇಳುತ್ತಿದ್ದಾನೆ. ಒಂದು ಕಾರಣ ಬೇಕಿತ್ತು. ಹುಡುಕಿದರೆ ಯಾವುದೂ ಸಿಗಲಿಲ್ಲ. ಇದ್ದದ್ದೊಂದೇ ಬಾಯಿಗೆ ಬಂತು: “ಇಬ್ರಾಹಿಂ ನಾಟ್ ಸೀರಿಯಸ್, ಸರ್. ಆಲ್ವೇಸ್ ಲಾಫಿಂಗ್.” ಬು ಫಹದ್ ಒಂದು ಕ್ಷಣ ಅವನ ಮುಖ ನೋಡಿ, ಹೆಗಲು ಕುಣಿಸಿ, “ಖಲಾಸ್. ನಿನ್ನ ವರ್ಕ್‌ಶಾಪು, ನಿನ್ನ ಮಾತು” ಎಂದು ಫೋನೆತ್ತಿ, ಸರ್ಕಾರಿ ಕಚೇರಿಗಳಿಗೆ ಓಡಾಡುವ ಮಂದೂಬನಿಗೆ ಅಲ್ಲೇ ಹೇಳಿಬಿಟ್ಟ. ಅದರಲ್ಲಿ ಲಕ್ಷ್ಮೀನರಸಿಂಹನಿಗೆ ಅರ್ಥವಾದದ್ದು ಇಬ್ರಾಹಿಂ ಎಂಬ ಹೆಸರೊಂದೇ. ಗಾಡಿಗಳು ಧೂಳೆಬ್ಬಿಸಿಕೊಂಡು ಹೋದವು. ಕಾರವಾನು ಸ್ವಲ್ಪವೂ ಓಲಾಡದೆ, ಹಳಿಯ ಮೇಲೆ ಹೋದ ಹಾಗೆ ಜೀಪಿನ ಹಿಂದೆ ಹೋಯಿತು. ಅವನಿಗೆ ಎದೆ ಹಗುರಾಯಿತು. ಬಹಳ ದಿನದಿಂದ ಸಿಕ್ಕಿರದ ಒಂದು ಸುಖ, ಯಾರಿಗೋ ಒಮ್ಮೆ ತಿರುಗಿಸಿ ಕೊಟ್ಟ ಸುಖ.

ಊಟದ ಹೊತ್ತಿಗೆ ಅವನು ತನ್ನ ಕಾರಿನಲ್ಲೇ ಡಬ್ಬಿ ಬಿಚ್ಚುತ್ತಿದ್ದ. ಹುಡುಗರ ಜೊತೆ ಕೂತು ಉಣ್ಣುವ ರೂಢಿ ಅವನು ಮಾಡಿಕೊಂಡಿರಲಿಲ್ಲ. ವೇದಾವತಿಯ ಫೋನು ಬಂತು. ಬರುವಾಗ ಕರಿಬೇವು ತನ್ನಿ, ಮೊನ್ನೆ ತಂದದ್ದು ಬಾಡಿದ್ದಿತ್ತು, ನೋಡಿ ತನ್ನಿ. ಅವನು ಹ್ಞೂಂ ಅಂದ ದನಿಯಲ್ಲೇ ಅವಳಿಗೆ ತಿಳಿಯಿತು. “ಏನಾಯ್ತು ಮತ್ತೆ?” ಆ ‘ಮತ್ತೆ’ ಅನ್ನುವುದೂ ಚುಚ್ಚಿತು. ಆದರೂ ಹೇಳಿಕೊಳ್ಳದೆ ಇರಲಾಗಲಿಲ್ಲ. “ಏನಾಗೋದು? ಹನ್ನೊಂದು ವರ್ಷ ದುಡಿದದ್ದಕ್ಕೆ ಇವತ್ತು ಬಿರುದು ಕೊಟ್ಟರು. ಅಷ್ಟು ಜನರ ಮುಂದೆ ಬೆರಳು ತೋರಿಸಿ ಹಲ್ಕಾ ಅಂದ ಆ ಮನುಷ್ಯ. ಹಾದಾ ಹಲ್ಕಾ ಅಂತ. ಕನ್ನಡದಲ್ಲಿ ಕಣೇ! ಆ ಇಬ್ರಾಹಿಂ ಹೇಳಿಕೊಟ್ಟಿದಾನೆ, ಪಕ್ಕದಲ್ಲೇ ನಿಂತು ಹಲ್ಲು ಕಿಸೀತಿದ್ದ.” “ಅಯ್ಯೋ, ಅಷ್ಟು ಕೆಟ್ಟ ಮಾತಾಡೋ ಮನುಷ್ಯನಲ್ಲವಲ್ಲ ಬು ಫಹದ್” ಎಂದಳು ವೇದಾವತಿ. ಅವಳ ಫೋನು ಸ್ಪೀಕರಿನಲ್ಲಿತ್ತೆಂದು ಕಾಣುತ್ತದೆ. ದೂರದಿಂದ, ಬಾಯಲ್ಲಿ ಏನೋ ತುಂಬಿಕೊಂಡು, ಬೃಂದಾಳ ದನಿ ಬಂತು: “ಹಲ್ಕಾ? ಅಪ್ಪಾ, ದಟ್ಸ್ ಅರಾಬಿಕ್. ಇಟ್ ಜಸ್ಟ್ ಮೀನ್ಸ್ ಎ ರಿಂಗ್. ಲೈಕ್, ಇನ್ ಎ ಚೈನ್. ಎ ಲಿಂಕ್.”

“ಏನಂದೆ?”

“ಲಿಂಕ್, ಅಪ್ಪಾ. ಚೈನ್ ಲಿಂಕ್. ಏಯ್ತ್‌ನಲ್ಲಿ ಇತ್ತು ನಮಗೆ. ವಾಟ್ ವರ್ ಯು ಫಿಕ್ಸಿಂಗ್?”

“ಕರಿಬೇವು ಮರೀಬೇಡಿ” ಎಂದು ವೇದಾವತಿ ಫೋನಿಟ್ಟಳು. ಡಬ್ಬಿಯಲ್ಲಿ ಚಿತ್ರಾನ್ನ ಹಾಗೇ ಇತ್ತು. ಕೊಂಡಿ. ಕೊಂಡಿ ಅಂದ ಆ ಮನುಷ್ಯ. ಬೆರಳು ತೋರಿಸಿದ್ದು ತನ್ನನ್ನಲ್ಲ, ತಾನು ಹಿಡಿದು ಕೂತಿದ್ದ ಚೈನನ್ನು. ಒಂದು ಕೊಂಡಿ ಬಿಗಿ ಮಾಡು ಅಂದ, ತಾನು ಅದನ್ನೇ ಮಾಡಿದೆ, ಭೇಷ್ ಎಂದು ಬೆನ್ನು ತಟ್ಟಿದ. ಎರಡು ವರ್ಷದಿಂದ ಈ ವರ್ಕ್‌ಶಾಪಿನಲ್ಲಿ ಆ ಮಾತು ದಿನಕ್ಕೆಷ್ಟು ಸಲ ಹಾರಾಡಿರಬೇಕು; ಲಿಂಕ್ ಎಂದು ಇಂಗ್ಲಿಷಿನಲ್ಲಿ ಹೇಳಿಕೊಂಡು ಓಡಾಡುವ ಇವನ ಕಿವಿಗೆ ಬೈಗುಳವಾಗಿ ಬರುವ ತನಕ ಅದು ಬೀಳಲೇ ಇಲ್ಲ. ಮಾತಿಗಿಂತ ಮುಂಚೆ ಅವಮಾನ ಕೇಳಿಸುತ್ತೆ ಕಣ್ರೀ. ಅಷ್ಟರಲ್ಲಿ ಸೋಮವಾರದ ಇಬ್ರಾಹಿಂ ಕಣ್ಣ ಮುಂದೆ ಬಂದ. ಹಲ್ಕಾ ಎಂದು ಕೂಗಿದರೆ ಮುಖ ಕೆಂಪಾಗದೆ, ಬಗ್ಗಿ, ಚೈನು ಸವರಿ, “ಯಾವುದು ಸಾರ್? ಎಡದ್ದಾ?” ಎಂದ ಇಬ್ರಾಹಿಂ. ಸೊಕ್ಕಲ್ಲ ಅದು. ಸಾರ್ ಕೊಂಡಿ ಅನ್ನುತ್ತಿದ್ದಾರೆ, ಯಾವ ಕೊಂಡಿಯೋ ಎಂದು ನೋಡಿದ್ದ ಪುಣ್ಯಾತ್ಮ. ಬೈದದ್ದು ಅವನಿಗೆ ತಲುಪಿಯೇ ಇರಲಿಲ್ಲ. ಈ ಬೆಳಿಗ್ಗೆ ನಕ್ಕದ್ದು? ಮಕ್ಕಳು ನಕ್ಕವು, ಬು ಸಾಲೆಂ ನಕ್ಕ, ಅವನೂ ನಕ್ಕ. ಜನ ನಗುತ್ತಾರೆ. ಕಾರವಾನು ಬಾಲ ಅಲ್ಲಾಡಿಸಿತು ಅಂದರೆ ಯಾರಾದರೂ ನಗುತ್ತಾರೆ. ಲಕ್ಷ್ಮೀನರಸಿಂಹ ಉಣ್ಣದೆಯೇ ಡಬ್ಬಿ ಮುಚ್ಚಿದ.

ಫೋನು ಮಾಡಬೇಕು, ಈಗಲೇ. ಇನ್ನೂ ಏನೂ ಆಗಿಲ್ಲ, ಮಂದೂಬ ಕಚೇರಿಗೆ ಹೋಗುವುದು ಭಾನುವಾರ. ಅವನು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡ. ಸರ್, ಇಬ್ರಾಹಿಂ ವಿಷಯದಲ್ಲಿ ನಾನು ತಪ್ಪು ಹೇಳಿದೆ. ಯಾಕೆ ತಪ್ಪು ಹೇಳಿದೆ ಎಂದು ಕೇಳುತ್ತಾನೆ. ನೀವು ನನ್ನನ್ನು ಬೈದಿರಿ ಅಂದುಕೊಂಡೆ. ನಾನೆಲ್ಲಿ ಬೈದೆ, ಕೊಂಡಿ ಎಂದೆ. ಹೌದು ಸರ್, ಕೊಂಡಿಗೆ ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇಲ್ಲಿಗೆ ಬಂದು ವಾಕ್ಯ ನಿಂತುಬಿಟ್ಟಿತು. ಅವನ ಕಣ್ಣೆದುರು ಡೇರೆ, ನಡುವೆ ಬೆಂಕಿ, ಸುತ್ತ ಬು ಫಹದ್, ಬು ಸಾಲೆಂ, ಅವರ ಗೆಳೆಯರು. ಕೇಳಿ, ನಮ್ಮಲ್ಲೊಬ್ಬ ಮುಹಂದಿಸ್ ಇದ್ದಾನೆ, ಚೈನಿನ ಕೊಂಡಿಗೆ ಏನಂತಾರೆ ಅಂತ ತಿಳಿಯದೆ ಒಬ್ಬನ ಇಕಾಮಾ ತೆಗೆಸಿದ! ಚಹದ ಲೋಟ ಕೈಯಿಂದ ಬೀಳುವ ಹಾಗೆ ನಗುತ್ತಾರೆ. ಈ ಸಲ ಆ ನಗು ನಿಜವಾಗಿಯೂ ಅವನ ಮೇಲೇ ಇರುತ್ತದೆ. ಫೋನನ್ನು ಕೆಳಗಿಟ್ಟ. ಶಮೀಮಾ ಸೆರಗು ಸರಿಮಾಡಿಕೊಂಡದ್ದು ನೆನಪಾಗಿ ಮತ್ತೆ ಎತ್ತಿಕೊಂಡ. ಒತ್ತಿದ.

ಆ ಕಡೆಯಿಂದ ಜನರೇಟರಿನ ಗದ್ದಲ, ಮಕ್ಕಳ ಕೇಕೆ. “ಯಾ ಮುಹಂದಿಸ್!” ಎಂದ ಬು ಫಹದ್, ದನಿಯಲ್ಲಿ ಅಪ್ಪಟ ಅಕ್ಕರೆ. ಅದು ಅಕ್ಕರೆಯೇ ಎಂದು ಲಕ್ಷ್ಮೀನರಸಿಂಹನಿಗೆ ಮೊದಲ ಬಾರಿಗೆ ಕೇಳಿಸಿತು. ಅದೂ ಎಂಥ ಹೊತ್ತಿನಲ್ಲಿ! ಕಾರವಾನು ಬಂಡೆಯ ಹಾಗೆ ನಿಂತುಕೊಂಡು ಬಂತಂತೆ. ಬು ಸಾಲೆಂ ದಾರಿಯುದ್ದಕ್ಕೂ ಹೊಗಳಿದನಂತೆ. ನೀನು ನಂಬರ್ ಒನ್. “ಸರ್, ಇಬ್ರಾಹಿಂ...” ಎಂದ ಲಕ್ಷ್ಮೀನರಸಿಂಹ. “ಇಬ್ರಾಹಿಂ ಖಲಾಸ್, ಖಲಾಸ್. ಭಾನುವಾರ ಮಂದೂಬ್ ಮುಗಿಸ್ತಾನೆ. ನೀನು ಹೇಳಿದ ಮೇಲೆ ಆಯ್ತು. ನಿನ್ನ ಮಾತು ನನಗೆ ಸಾಕು.” “ಇನ್ನೇನಾದರೂ ಇದೆಯಾ?” ಎಂದು ಕೇಳಿದ ಬು ಫಹದ್. ಗದ್ದಲದಲ್ಲಿ ಯಾರೋ ಗಟ್ಟಿಯಾಗಿ ನಕ್ಕರು.

“ನೋ ಸರ್” ಎಂದ ಲಕ್ಷ್ಮೀನರಸಿಂಹ. “ಥ್ಯಾಂಕ್ಯೂ ಸರ್.”

ಕಾರಿನಿಂದ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಅಂಗಳದಲ್ಲಿ ಇನ್ನೊಂದು ಕಾರವಾನು ಬಂದು ನಿಂತಿತ್ತು, ಶನಿವಾರ ಒಯ್ಯುವಂಥದು. ಸಯ್ಯಿದ್ ನಮಾಜಿಗೆ ಹೋಗಿದ್ದ. ಇಬ್ರಾಹಿಂ ಒಬ್ಬನೇ ಹಿಚ್ಚಿನ ಬಾರುಗಳಿಗೆ ಗ್ರೀಸು ಹಚ್ಚುತ್ತಿದ್ದ. ಇವನನ್ನು ಕಂಡು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎದ್ದ. “ಸಾರ್, ಕೈ ಎಂತ ಆಯ್ತು? ಚರ್ಮ ಎದ್ದಿದೆಯಲ್ಲ. ನಾನು ಹೇಳಿದೆ ಆಗ, ನಾನು ಮಾಡ್ತೇನೆ ಅಂತ. ನೀವು ಕೇಳ್ಲಿಲ್ಲ.” ಒಳಗೆ ಹೋಗಿ ಮುಲಾಮು ತಂದು ಮುಚ್ಚಳ ತೆಗೆದು ಹಿಡಿದ. ಲಕ್ಷ್ಮೀನರಸಿಂಹ ಬೆರಳಲ್ಲಿ ತೆಗೆದು ಅಂಗೈಗೆ ಸವರಿಕೊಂಡ. ಉರಿಯಿತು. ಬೇಡ ಅನ್ನುವಷ್ಟಾದರೂ ಮರ್ಯಾದೆ ತನ್ನಲ್ಲಿ ಉಳಿದಿಲ್ಲವಲ್ಲ ಎಂದು ನಾಚಿಕೆಯಾಯಿತು.

ಇಬ್ರಾಹಿಂ ಮುಚ್ಚಳ ತಿರುಗಿಸುತ್ತ ನಿಂತ. ಹೋಗಲಿಲ್ಲ. “ಸಾರ್, ಒಂದು ಕೇಳ್ಬಹುದಾ? ಬೇಜಾರ್ ಮಾಡ್ಬಾರ್ದು.”

“ಕೇಳು.”

“ಎಗೈಲಾದ ವಿಷಯ. ಇವತ್ತು ಹೇಳುದಿತ್ತಲ್ಲ ನೀವು. ಬಾಬಾ ಹೋದ್ರು ಬೇರೆ.” ಅವನು ಮುಖ ನೋಡದೆ ಮುಚ್ಚಳಕ್ಕೇ ಮಾತಾಡುತ್ತಿದ್ದ. “ನನ್ನದು ಮಾತ್ರ ಆದ್ರೆ ಎಂತ ತೊಂದ್ರೆ ಇಲ್ಲ ಸಾರ್. ಇವಳು ಒಬ್ಬಳೇ ಆಗ್ತಾಳೆ ಇಲ್ಲಿ. ನಾಳೆ ಸಿಗುವಾಗ ಮೊದಲು ಅದನ್ನೇ ಕೇಳ್ತಾಳೆ. ನೀವು ಹೇಳಿದ್ದೀರಾ ಸಾರ್?”

ಈಗ ಹೇಳಿಬಿಡಬಹುದಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ, ನಗುವವರೂ ಇರಲಿಲ್ಲ. ಕಾಲು ಹಿಡಿದು ಹೇಳಿದ್ದರೂ ನೋಡುವವರಿರಲಿಲ್ಲ. ಲಕ್ಷ್ಮೀನರಸಿಂಹ ಬಾಯಿ ತೆರೆದ. ಪಂಕ್ತಿಯ ನಡುವೆ ಬಾಯಿ ತೆರೆದಾಗಿನ ಹಾಗೆ ನಾಲಿಗೆ ಒಣಗಿತ್ತು.

“ಹೇಳಿದೀನಿ” ಎಂದ.

“ಸಾಕು ಸಾರ್.” ಇಬ್ರಾಹಿಮನ ಉಸಿರು ಒಮ್ಮೆಲೇ ಹೊರಗೆ ಬಂತು. “ಅಷ್ಟು ಸಾಕು. ನೀವು ಹೇಳಿದ ಮೇಲೆ ಮುಗೀತು. ನಾಳೆ ಅವಳಿಗೆ ಹೇಳ್ತೇನೆ, ನಮ್ಮ ಸಾರ್ ಹೇಳಿಯಾಗಿದೆ ಅಂತ.” ಮುಲಾಮಿನ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಲೀವರು ಎತ್ತಿಕೊಂಡು, ಉತ್ಸಾಹದಿಂದ ಹೊಸ ಕಾರವಾನಿನ ಕಡೆಗೆ ನಡೆದ. ಲಕ್ಷ್ಮೀನರಸಿಂಹ ಹಿಂದೆ ಹೋದ. ಹೋಗದೆ ಇನ್ನೆಲ್ಲಿಗೆ ಹೋಗುವುದು? ಟೇಪು ತೆಗೆದು ಮುಂದಿನ ಚಕ್ರದ ಮೇಲೆ ಹಿಡಿದ. ಇದೂ ಎರಡು ಬೆರಳು ಎದ್ದಿತ್ತು.

“ಎಷ್ಟು ಸಾರ್?” ಎಂದು ಇಬ್ರಾಹಿಂ ಹಿಂದಿನಿಂದ ಕೂಗಿ ಕೇಳಿದ.

ಲಿಂಕ್ ಅನ್ನಬಹುದಿತ್ತು. ಕೊಂಡಿ ಅನ್ನಬಹುದಿತ್ತು. “ಒಂದು ಹಲ್ಕಾ” ಎಂದ ಲಕ್ಷ್ಮೀನರಸಿಂಹ.

ಇಬ್ರಾಹಿಂ ತಲೆಯೆತ್ತಿ ನೋಡಿ, ಬಾಯಿ ತುಂಬ ನಕ್ಕ. “ಓ, ಸಾರ್‌ಗೂ ಅರಬಿ ಬಂತು!” ಎಂದು, ಬಗ್ಗಿ ಎಡಗಡೆಯ ಚೈನು ಹಿಡಿದುಕೊಂಡ.